ಪ್ರಕಾಶಕಿ ಸಾರಾ ಅಬೂಬಕ್ಕರ್: ನಮ್ಮ ಮಕ್ಕಳಿಗೊಂದು ದಾರಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿವರ್ಷ ಈ ವೇದಿಕೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ಸನ್ಮಾನಿಸುತ್ತೇವೆ. ಡಾಕ್ಟರ್ ಆಗಿ, ಇಂಜಿನಿಯರ್ ಆಗಿ, ತಹಶೀಲ್ದಾರ್ ಆಗಿ ಎಂದು ಹರಸುತ್ತೇವೆ. ಅದು ಆಗಲೇಬೇಕಾದ ಮಾತು. ಆದರೆ ಇಂದು ನಾನು ನಮ್ಮ ಯಾವ ಸನ್ಮಾನ ಸಮಾರಂಭದಲ್ಲೂ ಹೆಸರು ಕೇಳಿಬರದ ಒಂದು ವೃತ್ತಿಯ ಬಗ್ಗೆ ಮಾತನಾಡುತ್ತೇನೆ. ಅದು ಪುಸ್ತಕ ಪ್ರಕಾಶಕರ ವೃತ್ತಿ. ಕನ್ನಡದಲ್ಲಿ ಪ್ರಕಾಶಕ ಎಂದರೆ ಬೆಳಕಿಗೆ ತರುವವನು. ಉರ್ದುವಿನಲ್ಲಿ ಅವನನ್ನು ನಾಶಿರ್ ಎನ್ನುತ್ತೇವೆ. ಕನ್ನಡದ ಮಕ್ಕಳು ಇದನ್ನು ಕೇಳಿ ನಾಶ ಮಾಡುವವನು ಎಂದುಕೊಳ್ಳಬಾರದು! ನಾಶಿರ್ ಎಂದರೆ ಹರಡುವವನು. ಒಂದು ಭಾಷೆ ಬೆಳಕು ಎಂದಿತು, ಇನ್ನೊಂದು ಹರಡುವುದು ಎಂದಿತು. ಎರಡನ್ನೂ ಕೂಡಿಸಿದರೆ ಆ ಕೆಲಸದ ಪೂರ್ತಿ ಅರ್ಥ ಸಿಗುತ್ತದೆ.

ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಬಹುದು. ಕನ್ನಡ ತರಗತಿಯಲ್ಲಿ ‘ನಮ್ಮ ಮನೆಯ ಹಬ್ಬ’ ಎಂದು ಪ್ರಬಂಧ ಬರೆಯಲು ಹೇಳಿದರೆ ನಮ್ಮ ಹುಡುಗ ಹುಡುಗಿಯರು ಏನು ಬರೆಯುತ್ತಾರೆ ಗೊತ್ತೇ? ಮನೆಯಲ್ಲಿ ತಾಯಿಯನ್ನು ಅಮ್ಮಿ ಎಂದು ಕರೆಯುವ ಮಗು ಹಾಳೆಯ ಮೇಲೆ ಅಮ್ಮಿ ಎಂದು ಬರೆಯುವುದಿಲ್ಲ. ಈದಿನ ಬೆಳಿಗ್ಗೆ ಕುಡಿದ ಸುರಕುಂಬಾ ಬರೆಯುವುದಿಲ್ಲ. ಗೈಡಿನಲ್ಲಿರುವ ಹೋಳಿಗೆ, ಗೈಡಿನಲ್ಲಿರುವ ತೋರಣ ಬರೆಯುತ್ತದೆ. ಹೋಳಿಗೆಯ ಮೇಲೆ ನನಗೇನೂ ಸಿಟ್ಟಿಲ್ಲ, ನೆರೆಮನೆಯವರು ಕಳಿಸಿದ ಹೋಳಿಗೆ ತಿಂದೇ ನಾವೆಲ್ಲ ಬೆಳೆದದ್ದು. ಆದರೆ ಆ ಮಗುವಿನ ಮನಸ್ಸಿನಲ್ಲಿ ಒಂದು ತಿಳಿವಳಿಕೆ ಕೂತುಬಿಟ್ಟಿದೆ: ನಮ್ಮ ಮನೆಯ ಮಾತು ಪುಸ್ತಕಕ್ಕೆ ಹೋಗುವ ಮಾತಲ್ಲ. ಇದನ್ನು ಆ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ತನ್ನ ಮನೆಯಂಥ ಮನೆಯನ್ನು ಅದು ಪುಸ್ತಕದಲ್ಲಿ ನೋಡಿಲ್ಲ, ಅಷ್ಟೇ. ಯಾವುದು ಪುಸ್ತಕ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತೀರ್ಮಾನಿಸುವವರು ಯಾರು? ಪ್ರಕಾಶಕರು. ಹಸ್ತಪ್ರತಿಯನ್ನು ಓದಿ ಒಪ್ಪುವುದು ಅಥವಾ ಹಿಂದಕ್ಕೆ ಕಳಿಸುವುದು, ಎಷ್ಟು ಪ್ರತಿ ಹಾಕಿಸಬೇಕು, ಎಷ್ಟು ಬೆಲೆ ಇಡಬೇಕು, ಯಾವ ಅಂಗಡಿಗೆ, ಯಾವ ಗ್ರಂಥಾಲಯಕ್ಕೆ ಕಳಿಸಬೇಕು, ಇವೆಲ್ಲ ಅವರ ಕೈಯಲ್ಲಿ. ಲೇಖಕನ ಹೆಸರು ಮುಖಪುಟದ ಮೇಲೆ ದೊಡ್ಡದಾಗಿ ಇರುತ್ತದೆ. ಪ್ರಕಾಶಕನ ಹೆಸರು ಕೆಳಗೆ ಸಣ್ಣದಾಗಿ ಇರುತ್ತದೆ. ಆದರೆ ಬಾಗಿಲಿನ ಕೀಲಿ ಇರುವುದು ಆ ಸಣ್ಣ ಹೆಸರಿನ ಹತ್ತಿರ.

ಆ ಕೀಲಿಯನ್ನು ತಾವೇ ಮಾಡಿಸಿಕೊಂಡ ಒಬ್ಬ ತಾಯಿಯ ಕಥೆಯನ್ನು ಈಗ ಹೇಳುತ್ತೇನೆ. ವಿದ್ಯಾರ್ಥಿಗಳು ಇಸವಿಗಳನ್ನು ಗಮನಿಸಬೇಕು.

ಸಾರಾ ಅಬೂಬಕ್ಕರ್ ಅವರು ಹುಟ್ಟಿದ್ದು 1936ರ ಜೂನ್ 30ರಂದು, ಕಾಸರಗೋಡಿನಲ್ಲಿ. ತಂದೆ ವಕೀಲರು. ಮನೆಯ ಮಾತು ಮಲಯಾಳ, ಶಾಲೆಯ ಮಾತು ಕನ್ನಡ. ಆ ಕಾಲದಲ್ಲಿ ಆ ಭಾಗದ ಮುಸ್ಲಿಂ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪ. ಸಾರಾ ಅವರು ಕನ್ನಡ ಮಾಧ್ಯಮದಲ್ಲಿ ಓದಿ 1953ರಲ್ಲಿ ಪ್ರೌಢಶಾಲೆ ಮುಗಿಸಿದರು. ಆಗ ಅವರಿಗೆ 17 ವರ್ಷ. ಮುಂದೆ ಕಾಲೇಜಿಗೆ ಹೋಗುವ ಆಸೆ ಇತ್ತು, ಸಮಾಜ ಬಿಡಲಿಲ್ಲ. ಇಂಜಿನಿಯರ್ ಆಗಿದ್ದ ಅಬೂಬಕ್ಕರ್ ಅವರೊಂದಿಗೆ ಮದುವೆಯಾಯಿತು, ನಾಲ್ವರು ಗಂಡುಮಕ್ಕಳಾದರು. ಗ್ರಂಥಾಲಯದ ಸದಸ್ಯತ್ವ ಅವರಿಗೆ ಸಿಕ್ಕಿದ್ದು 1963ರಲ್ಲಿ. ಮಕ್ಕಳೇ, ಲೆಕ್ಕ ಹಾಕಿ. ಶಾಲೆ ಬಿಟ್ಟ ಮೇಲೆ ಒಂದು ಗ್ರಂಥಾಲಯದ ಚೀಟಿ ಕೈಗೆ ಬರಲು 10 ವರ್ಷ ಬೇಕಾಯಿತು. ಇವತ್ತು ನಮ್ಮ ಪಂಚಾಯಿತಿ ಗ್ರಂಥಾಲಯದ ಬಾಗಿಲು ತೆರೆದಿರುತ್ತದೆ, ಒಳಗೆ ಹೋಗಲು ನಮಗೆ ಬೇಸರ!

ಅವರ ಮೊದಲ ಬರಹ ಅಚ್ಚಾದದ್ದು 1981ರಲ್ಲಿ, ಲಂಕೇಶ್ ಪತ್ರಿಕೆಯಲ್ಲಿ. ಆಗ ಅವರಿಗೆ 45 ವರ್ಷ. ಕೋಮು ಸೌಹಾರ್ದದ ಬಗ್ಗೆ ಬರೆದ ಲೇಖನ ಅದು. ಪಿ. ಲಂಕೇಶ್ ಅವರು ಈ ಹೆಣ್ಣುಮಗಳ ಹತ್ತಿರ ಬೇರೆ ಯಾರ ಹತ್ತಿರವೂ ಇಲ್ಲದ ಅನುಭವವಿದೆ ಎಂದು ಗುರುತಿಸಿ ಬರೆಯಲು ಒತ್ತಾಯಿಸಿದರು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 1984ರಲ್ಲಿ ಪುಸ್ತಕವಾಯಿತು, ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ನಾದಿರಾ ಎಂಬ ಹುಡುಗಿಯ ಬದುಕು ತಂದೆಯ ಹಟಕ್ಕೂ ಒಂದೇ ಉಸಿರಿನ ತಲಾಖಿಗೂ ಸಿಕ್ಕಿ ಹೇಗೆ ಮುಳುಗಿತು ಎಂಬುದು ಅದರ ಕಥೆ. ಸುಪ್ರೀಂ ಕೋರ್ಟು ಒಂದೇ ಬಾರಿಯ ತ್ರಿವಳಿ ತಲಾಖ್ ಅಸಿಂಧು ಎಂದು ಹೇಳಿದ್ದು 2017ರಲ್ಲಿ. ಕಾಸರಗೋಡಿನ ಒಬ್ಬ ಗೃಹಿಣಿ ಆ ನೋವನ್ನು ಕನ್ನಡದಲ್ಲಿ ಬರೆದದ್ದು ಅದಕ್ಕೂ ಮೂರು ದಶಕಗಳ ಹಿಂದೆ.

ಆ ಮೇಲೆ ‘ಸಹನಾ’, ‘ವಜ್ರಗಳು’, ‘ಕದನ ವಿರಾಮ’, ‘ಸುಳಿಯಲ್ಲಿ ಸಿಕ್ಕವರು’ ಮುಂತಾದ ಕಾದಂಬರಿಗಳು ಬಂದವು, ಕಥಾಸಂಕಲನಗಳು ಬಂದವು. ಮಲಯಾಳದಿಂದ ಕನ್ನಡಕ್ಕೆ ಅನುವಾದಗಳನ್ನೂ ಮಾಡಿದರು. ಇಷ್ಟು ಹೆಸರಾದ ಲೇಖಕಿಗೆ ಪ್ರಕಾಶಕರು ಸಿಗುವುದು ಕಷ್ಟವಿರಲಿಲ್ಲ. ಆದರೂ 1994ರಲ್ಲಿ, ತಮ್ಮ 58ನೇ ವಯಸ್ಸಿನಲ್ಲಿ, ಮಂಗಳೂರಿನಲ್ಲಿ ಅವರು ತಮ್ಮದೇ ಪ್ರಕಾಶನ ಸಂಸ್ಥೆಯನ್ನು ತೆರೆದರು. ಹುಟ್ಟೂರಿನ ಹೊಳೆಯ ಹೆಸರನ್ನೇ ಅದಕ್ಕೆ ಇಟ್ಟರು: ಚಂದ್ರಗಿರಿ ಪ್ರಕಾಶನ. ಆಗ ನಮ್ಮಲ್ಲಿ 58 ಎಂದರೆ ನೌಕರಿಯಿಂದ ನಿವೃತ್ತಿಯಾಗಿ ಪಿಂಚಣಿಯ ಕಾಗದಪತ್ರ ಹೊಂದಿಸಿಕೊಳ್ಳುವ ವಯಸ್ಸಾಗಿತ್ತು. ಆ ವಯಸ್ಸಿನಲ್ಲಿ ಅವರು ಹೊಸ ಉದ್ಯೋಗ ಹಿಡಿದರು.

ಪ್ರಕಾಶನ ಎಂದರೆ ಬೋರ್ಡು ಬರೆಸಿ ತೂಗುಹಾಕಿದರೆ ಮುಗಿಯುವುದಿಲ್ಲ. ಕಾಗದದ ಬೆಲೆ ವಿಚಾರಿಸಬೇಕು, ಅಕ್ಷರ ಜೋಡಣೆ ಮಾಡಿಸಬೇಕು, ಕರಡು ತಿದ್ದಬೇಕು, ಮುಖಪುಟ ಬರೆಸಬೇಕು, ಮುದ್ರಕರಿಗೆ ಮುಂಗಡ ಕೊಡಬೇಕು. 1000 ಪ್ರತಿ ಮನೆಗೆ ಬಂದು ಬಿದ್ದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಅಂಗಡಿಯವರಿಗೆ ರಿಯಾಯಿತಿ ಕೊಡಬೇಕು, ಮಾರಿದ ಹಣಕ್ಕೆ ಪತ್ರದ ಮೇಲೆ ಪತ್ರ ಬರೆಯಬೇಕು, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಸಣ್ಣ ಪ್ರಕಾಶಕರ ಪಾಡೆಲ್ಲ ಇದೇ. ಹಾಗಿದ್ದರೂ ಅದಕ್ಕೊಂದು ಬೆಲೆ ಇದೆ. ‘ಈ ಪುಟ ತೆಗೆದುಬಿಡಿ, ಗಲಾಟೆಯಾಗುತ್ತದೆ’ ಎಂದು ಹೇಳುವವರು ನಡುವೆ ಯಾರೂ ಇರುವುದಿಲ್ಲ. ಖರ್ಚಾಗಿಹೋದ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಲು ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಪುಸ್ತಕದ ಹಕ್ಕು ಬರೆದವರ ಹತ್ತಿರವೇ ಇರುತ್ತದೆ.

ಹಕ್ಕಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 2011ರಲ್ಲಿ ‘ಬ್ಯಾರಿ’ ಎಂಬ ಚಲನಚಿತ್ರ ಬಂತು, ರಾಷ್ಟ್ರಮಟ್ಟದ ಸ್ವರ್ಣಕಮಲವನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಅದರ ಕಥೆ ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯದು, ತಮ್ಮ ಒಪ್ಪಿಗೆ ಪಡೆದಿಲ್ಲ ಎಂದು ಸಾರಾ ಅವರು ನ್ಯಾಯಾಲಯಕ್ಕೆ ಹೋದರು. ಮಂಗಳೂರಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಆಗಲೇ 70 ದಾಟಿದ್ದ ಅವರು ಇಳಿವಯಸ್ಸಿನಲ್ಲಿ ಕೋರ್ಟು ಮೆಟ್ಟಿಲು ಹತ್ತಿದ್ದು ದುಡ್ಡಿನ ಆಸೆಗಲ್ಲ. ನಾನು ಬರೆದದ್ದು ನನ್ನದು ಎಂದು ಹೇಳುವ ಹಕ್ಕಿಗಾಗಿ. ಹೊಲದ ಬದು ಒಂದು ಅಡಿ ಸರಿದರೆ ನಾವು ಸುಮ್ಮನಿರುತ್ತೇವೆಯೇ? ಬರೆದ ಪುಸ್ತಕವೂ ಒಂದು ಆಸ್ತಿಯೇ.

1995ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2006ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2008ರಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಅವರಿಗೆ ಬಂದವು. ‘ಹೊತ್ತು ಕಂತುವ ಮುನ್ನ’ ಎಂಬ ಆತ್ಮಕಥೆಯನ್ನೂ ಬರೆದರು. 2023ರ ಜನವರಿ 10ರಂದು ಮಂಗಳೂರಿನಲ್ಲಿ ತೀರಿಕೊಂಡರು. ಹೈಸ್ಕೂಲಿಗೇ ಓದು ನಿಂತ ಹೆಣ್ಣುಮಗಳಿಗೆ ವಿಶ್ವವಿದ್ಯಾಲಯಗಳು ಕರೆದು ಗೌರವ ಕೊಟ್ಟವು. ಹತ್ತನೇ ತರಗತಿಗೆ ಮಗಳ ಓದು ಸಾಕು ಎನ್ನುವ ತಂದೆತಾಯಂದಿರು ಇದನ್ನು ಒಂದು ಕ್ಷಣ ಯೋಚಿಸಬೇಕು. ಓದು ನಿಂತರೂ ಅವರು ಗೆದ್ದರು ಎಂದು ನಾವು ಸಮಾಧಾನ ಮಾಡಿಕೊಳ್ಳಬಾರದು. ಓದು ನಿಲ್ಲದಿದ್ದರೆ 1981ರವರೆಗೆ ಕಾಯಬೇಕಾಗಿತ್ತೇ ಎಂದು ಕೇಳಿಕೊಳ್ಳಬೇಕು.

ಸಾರಾ ಅವರು ಒಬ್ಬರೇ ಈ ದಾರಿ ತುಳಿದವರಲ್ಲ. ನಂಜನಗೂಡು ತಿರುಮಲಾಂಬ ಅವರ ಹೆಸರನ್ನು ಕನ್ನಡದ ಮಕ್ಕಳು ಕೇಳಿರಬೇಕು. ಬಾಲವಿಧವೆಯಾಗಿದ್ದ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದರು, ತಾವೇ ಬರೆದು ತಾವೇ ಪ್ರಕಟಿಸಿದರು, ಪತ್ರಿಕೆಗಳನ್ನೂ ನಡೆಸಿದರು. ಉರ್ದು ಓದುವ ಮಕ್ಕಳಿಗೆ ಮೊಹಮ್ಮದಿ ಬೇಗಂ ಅವರ ಹೆಸರು ಹೇಳುತ್ತೇನೆ. 1898ರಲ್ಲಿ ಲಾಹೋರಿನಲ್ಲಿ ಪತಿ ಮುಮ್ತಾಜ್ ಅಲಿ ಅವರೊಂದಿಗೆ ಸೇರಿ ‘ತಹ್ಜೀಬೆ ನಿಸ್ವಾಂ’ ಎಂಬ ಮಹಿಳೆಯರ ವಾರಪತ್ರಿಕೆಯನ್ನು ತೆರೆದು ಸಂಪಾದಕಿಯಾದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಇನ್ನೊಬ್ಬರು ಲಖನೌದ ಮುನ್ಷಿ ನವಲ್ ಕಿಶೋರ್. 1858ರಲ್ಲಿ ಅಚ್ಚುಕೂಟ ಸ್ಥಾಪಿಸಿದ ಈ ಹಿಂದೂ ಮಹನೀಯರು ಕುರ್‌ಆನ್ ಮುದ್ರಿಸಿದರು, ಅರಬ್ಬಿ, ಫಾರ್ಸಿ, ಉರ್ದು ಗ್ರಂಥಗಳನ್ನು ರಾಶಿ ರಾಶಿಯಾಗಿ ಹೊರತಂದರು. ಅವರು ಅಚ್ಚು ಹಾಕದೆ ಹೋಗಿದ್ದರೆ ಎಷ್ಟೋ ಉರ್ದು ಗ್ರಂಥಗಳು ಹಸ್ತಪ್ರತಿಯಲ್ಲಿಯೇ ಹುಡಿಯಾಗುತ್ತಿದ್ದವು. ಒಳ್ಳೆಯ ಪ್ರಕಾಶಕ ತನ್ನ ಮನೆಯ ಮಾತನ್ನು ಮಾತ್ರ ಅಚ್ಚು ಹಾಕುವುದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ಇದು ದೂರದ ಲಖನೌದ ಮಾತಾಯಿತು. ನಮ್ಮ ಡಂಬಳಕ್ಕೆ ಬನ್ನಿ. ಹಿಂದೆ ಧರ್ಮವೊಳಲು ಎಂಬ ಹೆಸರಿದ್ದ ಈ ಊರಿನಲ್ಲಿ 1095ರ ಒಂದು ಶಾಸನವಿದೆ. ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯ ಗುಡಿಯನ್ನೂ ಅದು ಹೇಳುತ್ತದೆ. ದೊಡ್ಡಬಸಪ್ಪನ ಗುಡಿ ಇರುವ ಊರಿನಲ್ಲಿ ಬೌದ್ಧರೂ ಇದ್ದರು ಎಂದು ನಮಗೆ ಹೇಗೆ ಗೊತ್ತಾಯಿತು? ಯಾರೋ ಕಲ್ಲಿನಲ್ಲಿ ಕೆತ್ತಿಸಿದ್ದರಿಂದ. ಆ ಕಾಲಕ್ಕೆ ಕಲ್ಲೇ ಪುಸ್ತಕ, ಕೆತ್ತಿಸಿದವರೇ ಪ್ರಕಾಶಕರು. ಬರೆಸಿದವರ ಹೆಜ್ಜೆ ಉಳಿಯಿತು, ಬರೆಸದವರದು ಅಳಿಯಿತು. ನಮ್ಮ ಕಾಲದಲ್ಲಿಯೂ ನೋಡಿ. ಡಂಬಳ-ಗದಗ ತೋಂಟದಾರ್ಯ ಸಂಸ್ಥಾನಮಠದ ಲಿಂಗೈಕ್ಯ ಡಾ. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು (1949–2018) 1974ರಲ್ಲಿ ಪೀಠಕ್ಕೆ ಬಂದ ಮೇಲೆ ಅಧ್ಯಯನ ಸಂಸ್ಥೆ ಸ್ಥಾಪಿಸಿ ನೂರಾರು ಗ್ರಂಥಗಳನ್ನು ಪ್ರಕಟಿಸಿದರು. ಡಾ. ಎಂ. ಎಂ. ಕಲಬುರ್ಗಿಯವರಂಥ ವಿದ್ವಾಂಸರನ್ನು ಜೊತೆಗೆ ಸೇರಿಸಿಕೊಂಡರು. ಅದೇ ಸ್ವಾಮೀಜಿಯವರಿಗೆ ಕೋಮು ಸೌಹಾರ್ದದ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಹಿರಿಯರು ನೆನಪಿಟ್ಟಿದ್ದೀರಿ. ಒಂದು ಮಠಕ್ಕೆ ಪುಸ್ತಕದ ಬೆಲೆ ಗೊತ್ತಿತ್ತು. ನಮ್ಮ ಸಂಘಕ್ಕೂ ಗೊತ್ತಾಗಬೇಕು.

ಈಗ ಒಂದು ಕಠಿಣವಾದ ಮಾತು. ಸಾರಾ ಅವರ ಬರಹ ಎಲ್ಲರಿಗೂ ಹಿಡಿಸಲಿಲ್ಲ. 1985ರಲ್ಲಿ ಪುತ್ತೂರಿನ ಸಮ್ಮೇಳನವೊಂದರಲ್ಲಿ ಅವರ ಮೇಲೆ ಏರಿಹೋದವರಿದ್ದರು. ‘ಮನೆಯ ಕಸವನ್ನು ಬೀದಿಗೆ ಹಾಕುವುದೇಕೆ? ನಮ್ಮನ್ನು ಬಯ್ಯಲು ಕಾದಿರುವವರ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವೇ?’ ಎಂಬ ಮಾತು ಇವತ್ತಿಗೂ ನಮ್ಮ ಜಮಾತಿನ ಕಟ್ಟೆಯ ಮೇಲೆ ಕೇಳಿಬರುತ್ತದೆ. ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಆ ಭಯಕ್ಕೆ ಕಾರಣಗಳಿವೆ. ನಮ್ಮ ಬಗ್ಗೆ ನಮ್ಮನ್ನು ಅರಿಯದವರು ಬರೆದದ್ದನ್ನು ಓದಿ ನೊಂದವರು ನಾವು. ಆದರೆ ಅದಕ್ಕೆ ಉತ್ತರ ಮೌನವಲ್ಲ. ನಾವು ಬರೆಯದಿದ್ದರೆ ನಮ್ಮ ಬಗ್ಗೆ ಯಾರೂ ಬರೆಯುವುದಿಲ್ಲ ಎಂದಲ್ಲ, ಬೇರೆಯವರು ಬರೆಯುತ್ತಾರೆ. ಅವರಿಗೆ ನಮ್ಮ ಮನೆಯ ಹೊಸ್ತಿಲು ಗೊತ್ತಿಲ್ಲ. ಸಾರಾ ಅವರು ತಲಾಖಿನ ಹೆಸರಿನಲ್ಲಿ ನಡೆದ ಅನ್ಯಾಯವನ್ನೂ ಬರೆದರು, ಕೋಮುದ್ವೇಷವನ್ನೂ ಅಷ್ಟೇ ಗಟ್ಟಿಯಾಗಿ ವಿರೋಧಿಸಿದರು. ಒಂದನ್ನು ಮಾತ್ರ ಓದಿ ಇನ್ನೊಂದನ್ನು ಬಿಡುವುದು ಅವರಿಗೆ ಮಾಡುವ ಅನ್ಯಾಯ. ಅವರ ಎಲ್ಲ ಮಾತನ್ನೂ ಒಪ್ಪಲೇಬೇಕೆಂದು ನಾನು ಹೇಳುವುದಿಲ್ಲ. ಅದೇ ಮಂಗಳೂರಿನಲ್ಲಿ ‘ಸನ್ಮಾರ್ಗ’ ವಾರಪತ್ರಿಕೆ, ಶಾಂತಿ ಪ್ರಕಾಶನ ಬೇರೆ ದೃಷ್ಟಿಯಿಂದ ಕನ್ನಡದಲ್ಲಿ ಕೆಲಸ ಮಾಡಿವೆ. ಒಪ್ಪದವರು ಇನ್ನೊಂದು ಪುಸ್ತಕ ಬರೆಯಲಿ, ಇನ್ನೊಂದು ಪ್ರಕಾಶನ ತೆರೆಯಲಿ. ಪುಸ್ತಕಕ್ಕೆ ಪುಸ್ತಕವೇ ಉತ್ತರ. ನಮ್ಮ ಪವಿತ್ರ ಗ್ರಂಥದ ಮೊದಲ ಆದೇಶವೇ ಓದಿನ ಬಗ್ಗೆ, ಲೇಖನಿಯ ಹೆಸರಿನ ಒಂದು ಅಧ್ಯಾಯವೇ ಅದರಲ್ಲಿದೆ. ಆ ಗ್ರಂಥವನ್ನು ನಂಬಿದವರು ಲೇಖನಿಗೆ ಅಂಜಬೇಕೇ?

ಬರೆಯುವವರಿಗೆ ಬಾಗಿಲು ತೆರೆದರೆ ಏನಾಗುತ್ತದೆ ಎಂಬುದನ್ನು 2025ರಲ್ಲಿ ಇಡೀ ಲೋಕ ನೋಡಿತು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಇದು ಮೊದಲ ಬಾರಿ. ಬಾನು ಅವರ ಮನೆಮಾತು ಉರ್ದು. ಎಂಟರ ವಯಸ್ಸಿನಲ್ಲಿ ತಂದೆ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಲು ಹೋದಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತು ಹಾಕಿದ್ದರಂತೆ. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಕನ್ನಡ ಬರುವುದಿಲ್ಲ ಎಂದು ಹೆದರುವ ನಮ್ಮ ಉರ್ದು ಶಾಲೆಯ ಮಕ್ಕಳು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಅನುವಾದಕಿ ಕೊಡಗಿನ ದೀಪಾ ಭಾಸ್ತಿಯವರು ಕಥೆಗಳಲ್ಲಿದ್ದ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಎಷ್ಟೋ ಕಡೆ ಹಾಗೆಯೇ ಉಳಿಸಿದರು, ಅಡಿಟಿಪ್ಪಣಿಯನ್ನೂ ಹಾಕಲಿಲ್ಲ. ನಮ್ಮ ಮನೆಯ ಮಾತು ಲಂಡನ್ನಿಗೂ ಹೋಯಿತು. ಗೈಡಿನ ಹೆದರಿಕೆಯಿಂದ ನಾವು ಮುಚ್ಚಿಟ್ಟ ಮಾತು ಅದೇ ಅಲ್ಲವೇ?

ಆ ಪುಸ್ತಕವನ್ನು ಪ್ರಕಟಿಸಿದ್ದು ‘ಆ್ಯಂಡ್ ಅದರ್ ಸ್ಟೋರೀಸ್’ ಎಂಬ ಬ್ರಿಟನ್ನಿನ ಸಣ್ಣ ಸಂಸ್ಥೆ. ಲೇಖಕಿ ಕಮಿಲಾ ಶಮ್ಸಿಯವರು 2015ರಲ್ಲಿ ಪ್ರಕಾಶಕರಿಗೆಲ್ಲ ಒಂದು ಸವಾಲು ಹಾಕಿದ್ದರು. 2018ರ ಇಡೀ ವರ್ಷ ಮಹಿಳೆಯರ ಪುಸ್ತಕಗಳನ್ನೇ ಪ್ರಕಟಿಸಿ ನೋಡೋಣ ಎಂದು. ದೊಡ್ಡ ದೊಡ್ಡ ಸಂಸ್ಥೆಗಳು ಹಿಂದೆ ಸರಿದವು. ಆ ಸವಾಲನ್ನು ಒಪ್ಪಿ ನಡೆಸಿದ್ದು ಈ ಸಣ್ಣ ಸಂಸ್ಥೆ. ಏಳು ವರ್ಷದ ನಂತರ ಕನ್ನಡದ ಕಥೆಗಳಿಗೆ ಬಾಗಿಲು ತೆರೆದದ್ದೂ ಅದೇ. ಬಾಗಿಲು ತೆರೆದಿಡುವ ರೂಢಿ ಇದ್ದವರ ಮನೆಗೇ ಒಳ್ಳೆಯ ಅತಿಥಿ ಬರುವುದು.

ವಿದ್ಯಾರ್ಥಿಗಳೇ, ಈ ಕ್ಷೇತ್ರದಲ್ಲಿ ಹೊಟ್ಟೆ ತುಂಬುತ್ತದೆಯೇ ಎಂದು ನೀವು ಕೇಳುವುದು ಸಹಜ. ಸಂಪತ್ತು ಬರುತ್ತದೆ ಎಂದು ನಾನು ಆಸೆ ತೋರಿಸುವುದಿಲ್ಲ. ಆದರೆ ಕೆಲಸಗಳಿವೆ: ಡಿಟಿಪಿ, ಕರಡು ತಿದ್ದುವುದು, ಪುಟ ವಿನ್ಯಾಸ, ಮುಖಪುಟ ಚಿತ್ರ, ಅನುವಾದ, ಸಂಪಾದನೆ, ಮಾರಾಟ. ಕನ್ನಡ, ಉರ್ದು ಎರಡೂ ತಪ್ಪಿಲ್ಲದೆ ಬಲ್ಲವರು ಬಹಳ ಕಡಿಮೆ. ನಿಮ್ಮಲ್ಲಿ ಎರಡೂ ಇವೆ, ಇಂಗ್ಲಿಷನ್ನೂ ಸೇರಿಸಿಕೊಳ್ಳಿ. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರವು 18ರಿಂದ 35 ವರ್ಷದೊಳಗಿನ ಹೊಸ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ನಡೆಸುತ್ತಾ ಬಂದಿದೆ. ಪುಸ್ತಕಕ್ಕೆ ಹಾಕುವ ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಸ್ಥೆ ಶುಲ್ಕವಿಲ್ಲದೆ ಕೊಡುತ್ತದೆ. ಅರ್ಜಿ ಬರೆಯಲು ಬೇಕಾದ ಸಹಾಯವನ್ನು ನಿಮ್ಮ ಶಿಕ್ಷಕರು ಮಾಡುತ್ತಾರೆ, ಬಂದು ಕೇಳಿ.

ಸಂಘದ ಹಿರಿಯರಲ್ಲಿ ನನ್ನ ಮೂರು ವಿನಂತಿಗಳಿವೆ. ನೀವು ಈಗ ಕೈಯಲ್ಲಿ ಹಿಡಿದಿರುವ ಈ ವಾರ್ಷಿಕ ಸಂಚಿಕೆಯೂ ಒಂದು ಪ್ರಕಾಶನವೇ. ಆದ್ದರಿಂದ ಮೊದಲನೆಯ ವಿನಂತಿ, ಇದರಲ್ಲಿ ಪ್ರತಿವರ್ಷ ಕೆಲವು ಪುಟಗಳನ್ನು ಹೆಣ್ಣುಮಕ್ಕಳ ಬರಹಕ್ಕೆಂದೇ ಮೀಸಲಿಡಿ. ಆ ಪುಟಗಳನ್ನು ಆರಿಸುವ ಸಮಿತಿಯಲ್ಲಿ ಕನಿಷ್ಠ ಇಬ್ಬರು ಮಹಿಳೆಯರು ಇರಲಿ. ಹುಡುಗಿ ಬರೆದದ್ದರಲ್ಲಿ ಕಾಗುಣಿತ ತಿದ್ದಿ, ಅನುಭವ ತಿದ್ದಬೇಡಿ. ಎರಡನೆಯದು, ನಮ್ಮ ಭಾಗದ ಊರೂರುಗಳಲ್ಲಿ ಮೊಹರಂ ಹೊತ್ತಿಗೆ ಹಾಡುವ ರಿವಾಯತ್ ಪದಗಳು ಹಳೆಯ ನೋಟ್‌ಬುಕ್ಕುಗಳಲ್ಲಿ, ಹಾಡುಗಾರರ ಬಾಯಲ್ಲಿ ಉಳಿದಿವೆ. ಹಿಂದೂ ಮುಸಲ್ಮಾನರು ಕೂಡಿ ಕಟ್ಟಿದ ಕನ್ನಡದ ಪದಗಳು ಅವು. ಗೆದ್ದಲು ತಿನ್ನುವ ಮೊದಲು ಅವನ್ನು ಮಕ್ಕಳಿಂದ ಬರೆಸಿ, ಒಂದು ಸಣ್ಣ ಪುಸ್ತಕ ಮಾಡೋಣ. ಡಾ. ರಹಮತ್ ತರೀಕೆರೆಯವರು ‘ಕರ್ನಾಟಕದ ಮೊಹರಂ’ ಗ್ರಂಥ ಬರೆದು ದಾರಿ ತೋರಿಸಿದ್ದಾರೆ. ಮೂರನೆಯದು, ಸಂಘದ ಕಚೇರಿಯಲ್ಲಿ ಒಂದು ಕಪಾಟು. ಅದರಲ್ಲಿ ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ನಿಸಾರ್ ಅಹಮದ್ ಅವರ ಪುಸ್ತಕಗಳಿರಲಿ. ಕಪಾಟಿಗೆ ಬೀಗ ಬೇಡ.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಒಂದು ಶಾಲು, ಒಂದು ಹಾರದ ಖರ್ಚು ಉಳಿಸಿದರೆ ಒಂದು ಪುಸ್ತಕ ಬರುತ್ತದೆ. ಮುಂದಿನ ವರ್ಷ ಇದೇ ಸಂಚಿಕೆಯಲ್ಲಿ ನಮ್ಮ ಒಬ್ಬ ಹುಡುಗಿ ತನ್ನ ಅಮ್ಮಿಯನ್ನು ಅಮ್ಮಿ ಎಂದೇ ಬರೆದ, ಸುರಕುಂಬಾವನ್ನು ಸುರಕುಂಬಾ ಎಂದೇ ಬರೆದ ಒಂದು ಪುಟ ಅಚ್ಚಾದರೆ ಸಾಕು. ಅದನ್ನು ಅಚ್ಚು ಹಾಕುವುದೋ ಬಿಡುವುದೋ ಎಂಬ ತೀರ್ಮಾನ ಬೇರೆ ಯಾರದೂ ಅಲ್ಲ, ಇಲ್ಲಿ ಕುಳಿತ ನಮ್ಮದೇ.